ಚೆನ್ನಾಗಿರುವ ಗೊಂಬೆಯನ್ನು ಯಾಕೆ ಕೊಯ್ಯುತ್ತೀರಿ?

“ಚಲೋ ಇದ್ದ ಗೊಂಬೆನ ಎಂತಕ್ಕೆ ಕೊಯ್ತೆ ತಮಾ?” ಶಿರಸಿಯಿಂದ ಬಂದಾಗೆಲ್ಲ ಮಾವ ಕೇಳುತ್ತಾರೆ. ಇಲ್ಲಿ ಕಾರವಾರದಲ್ಲಿ ಪಕ್ಕದ ಮನೆಯವರು, ಗೆಳೆಯರು, ನನ್ನ ಮೇಜಿನ ಮೇಲೆ ಹರಡಿರುವ ಪ್ಲಾಸ್ಟಿಕ್ ಕೈಕಾಲು ನೋಡಿದ ಯಾರೇ ಆದರೂ ಕೇಳುವುದು ಇದನ್ನೇ. ದುಡ್ಡು ಕೊಟ್ಟು ತರಿಸಿದ ಗೊಂಬೆ. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಚೆಂದವೇ ಕಾಣುತ್ತದೆ. ಬಣ್ಣ ಹಚ್ಚಿಟ್ಟರೆ ಆಯ್ತಲ್ವಾ? ತಲೆ ತೆಗೆದು, ತೊಡೆ ಕೊಯ್ದು, ಮತ್ತೆ ಕೂಡಿಸುವುದು ಯಾಕೆ?

ನನ್ನ ಉತ್ತರ ಚಿಕ್ಕದು. ಗೊಂಬೆ ಯಾರು ಅಂತ ಮೊದಲು ಹೇಳುವುದು ಅದರ ಆಕಾರ. ಆಕಾರ ಬದಲಿಸುವ ಶಕ್ತಿ ಬಣ್ಣಕ್ಕೆ ಇಲ್ಲ.

ಈ ಹವ್ಯಾಸ ಗೊತ್ತಿಲ್ಲದವರಿಗೆ ಎರಡು ಮಾತು. ಇವು ಮೇಜಿನ ಮೇಲೆ ಆಡುವ ಯುದ್ಧದ ಆಟದ ಗೊಂಬೆಗಳು. ರಾಕ್ಷಸರು, ಕುಳ್ಳರು, ಮಂತ್ರವಾದಿಗಳ ಸೈನ್ಯ ಕಟ್ಟಿಕೊಂಡು, ಟೇಪಿನಲ್ಲಿ ಅಳೆದು ಮುಂದೆ ನಡೆಸಿ, ದಾಳ ಹಾಕಿ ಕಾದಾಡುವುದು. ಮನುಷ್ಯ ಗೊಂಬೆಯ ಎತ್ತರ ಸುಮಾರು 28 ಮಿಲಿಮೀಟರ್. ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ 1983ರಲ್ಲಿ ತಂದ ವಾರ್‌ಹ್ಯಾಮರ್ ಇವುಗಳಲ್ಲಿ ಹೆಸರುವಾಸಿ. ಆಗಿನ ಗೊಂಬೆಗಳು ಹೆಚ್ಚಾಗಿ ಸೀಸ ಬೆರೆತ ಲೋಹದವು, ಕೊಯ್ಯಬೇಕೆಂದರೆ ಗರಗಸ ಹಿಡಿಯಬೇಕಿತ್ತು. 1987ರಲ್ಲಿ ಅದೇ ಕಂಪನಿ ಮೂವತ್ತು ಪ್ಲಾಸ್ಟಿಕ್ ಸೈನಿಕರ ಪೆಟ್ಟಿಗೆಯೊಂದನ್ನು ತಂದಿತು. ಅದರಲ್ಲಿ ತಲೆ, ಕೈ, ಕಾಲು ಎಲ್ಲ ಬಿಡಿಬಿಡಿ. ಇವನ ತಲೆ ಅವನಿಗೆ, ಅವನ ಕೈ ಇವನಿಗೆ ಕೂಡಿಸುವುದು ಆಗ ಸುಲಭವಾಯಿತು. ಇದನ್ನೇ ಕನ್ವರ್ಶನ್ ಅನ್ನುವುದು.

ಆಟ ಆಡುವಾಗ ಗೊಂಬೆಯನ್ನು ಎರಡು ಮೂರು ಅಡಿ ದೂರದಿಂದ ನೋಡುತ್ತೇವೆ. ಅಷ್ಟು ದೂರದಲ್ಲಿ ಹುಬ್ಬಿನ ಗೆರೆ, ಪಟ್ಟಿಯ ಬಕಲ್ ಯಾವುದೂ ಕಾಣುವುದಿಲ್ಲ. ಭುಜ ಎಷ್ಟು ಅಗಲ, ತಲೆ ಮೇಲೆ ಏನಿದೆ, ಭಾರ ಯಾವ ಕಾಲಿನ ಮೇಲಿದೆ, ಕಾಣುವುದು ಅಷ್ಟೇ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗದ್ದೆಯ ತುದಿಯಲ್ಲಿ ಚಾಪೆ ಹಾಸಿ ಕೂತು ಬಡಗುತಿಟ್ಟಿನ ಯಕ್ಷಗಾನ ನೋಡಿದವರಿಗೆ ವೇಷದ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಆದರೂ ಮುಂಡಾಸು ಕಂಡ ಕೂಡಲೇ ಕರ್ಣನೋ ಅರ್ಜುನನೋ ಇರಬೇಕು ಅಂತ ಗೊತ್ತಾಗುತ್ತಿತ್ತು. ದೊಡ್ಡ ಕಿರೀಟ ಹೊತ್ತು ಬಣ್ಣದ ವೇಷ ಬಂದರೆ ರಾಕ್ಷಸ. ಮಾತು ಶುರುವಾಗುವ ಮೊದಲೇ ಪಾತ್ರ ತಿಳಿಯುತ್ತಿತ್ತು. ಹಗುರ ಮರ ಕೆತ್ತಿ, ಬೇಗಡೆ ಅಂಟಿಸಿ ಭುಜಕೀರ್ತಿ, ಎದೆಕಟ್ಟು ಮಾಡುವವರು ಆಕಾರದ ಬಗ್ಗೆ ನನಗಿಂತ ಸಾವಿರ ಪಾಲು ತಿಳಿದವರು. ನಾನು ಕಲಿತದ್ದು ಅವರ ಕೆಲಸ ನೋಡಿಯೇ.

ಈಗ ನನ್ನ ಮೇಜಿನ ಮೇಲಿರುವುದನ್ನೇ ತೋರಿಸುತ್ತೇನೆ. ಇದು ಓಗರ್, ಅಂದರೆ ಇಂಗ್ಲಿಷ್ ಕಥೆಗಳಲ್ಲಿ ಬರುವ ದೈತ್ಯ. ದಪ್ಪ ಹೊಟ್ಟೆ, ಹೊಟ್ಟೆಯ ಮೇಲೆ ಲೋಹದ ತಟ್ಟೆ, ಎರಡೂ ಕಾಲೂರಿ ಸುಮ್ನೆ ನಿಂತ ಭಂಗಿ. ಇವನನ್ನು ಬಣ್ಣದ ವೇಷದ ರಾಕ್ಷಸ ಮಾಡಬೇಕು. ಬರೀ ಕಿರೀಟ ಇಟ್ಟರೆ ಆಗುವುದಿಲ್ಲ, ಏಕೆಂದರೆ ನಿಲುವು ಇನ್ನೂ ಓಗರ್‌ನದೇ. ನಮ್ಮ ವೇಷ ನಿಲ್ಲುವುದು ಮೊಣಕಾಲು ಹೊರಗೆ ಬಾಗಿಸಿ, ಮೈ ಕೆಳಗಿಳಿಸಿ. ಹಾಗಾಗಿ ಮೊದಲ ಗೆರೆ ತೊಡೆಗೆ. ತೆಳುವಾದ ಗರಗಸದಿಂದ ಎರಡೂ ತೊಡೆ ಕೊಯ್ದು, ಮೊಣಕಾಲನ್ನು ಹೊರಕ್ಕೆ ತಿರುಗಿಸಿದ್ದೇನೆ. ಕೂಡುವ ಎರಡೂ ಮುಖಗಳಿಗೆ ಕೈ ಡ್ರಿಲ್ಲಿನಿಂದ ಒಂದು ಮಿಲಿಮೀಟರ್ ತೂತು ಕೊರೆದು, ಪೇಪರ್ ಕ್ಲಿಪ್ಪಿನ ತಂತಿ ತೂರಿಸಿದ್ದೇನೆ. ಬರೀ ಅಂಟು ನಂಬಿದರೆ ಆಟದ ಮಧ್ಯೆ ಕಾಲು ಕಳಚಿ ಬೀಳುತ್ತದೆ. ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಕೂಡಿಸಲು ಮಾಡೆಲ್ ಸಿಮೆಂಟೇ ಸರಿ. ಅದು ಎರಡೂ ಅಂಚನ್ನು ಕರಗಿಸಿ ಒಂದು ಮಾಡುತ್ತದೆ. ತಂತಿ ಕೂರಿಸಲು ಫೆವಿಕ್ವಿಕ್.

ಸಂದು ತುಂಬಲು, ಕಿರೀಟ ಕಟ್ಟಲು ಗ್ರೀನ್ ಸ್ಟಫ್, ಅಂದರೆ ಕಲಸಿಟ್ಟರೆ ಗಟ್ಟಿಯಾಗುವ ಎಪಾಕ್ಸಿ ಪುಟ್ಟಿ. ನೀಲಿ ಮತ್ತು ಹಳದಿ ಪಟ್ಟಿಗಳಾಗಿ ಬರುತ್ತದೆ, ಕಲಸಿದಾಗ ಹಸಿರಾಗುತ್ತದೆ. ಪಟ್ಟಿಗಳು ಒಂದಕ್ಕೊಂದು ತಾಗಿದ ಕಡೆ ಮೊದಲೇ ಗಟ್ಟಿಯಾಗಿರುತ್ತದೆ. ಆ ಭಾಗ ಕತ್ತರಿಸಿ ಎಸೆದ ಮೇಲೇ ಕಲಸಬೇಕು, ಇಲ್ಲದಿದ್ದರೆ ನಡುನಡುವೆ ಕಾಳು ಸಿಗುತ್ತವೆ. ಹಳದಿ ಜಾಸ್ತಿ ಹಾಕಿದರೆ ಮೆತ್ತಗೆ ಉಳಿಯುತ್ತದೆ, ನೀಲಿ ಜಾಸ್ತಿ ಆದರೆ ಬಿಗಿಯಾಗುತ್ತದೆ, ಅಂಚು ಚೂಪಾಗಿ ಬರುತ್ತದೆ. ಕಿರೀಟಕ್ಕೆ ನೀಲಿ ಜಾಸ್ತಿ. ಉಪಕರಣ ಒದ್ದೆ ಮಾಡಿಕೊಳ್ಳುತ್ತಾ ಕೆಲಸ ಮಾಡಬೇಕು, ಇಲ್ಲದಿದ್ದರೆ ಅಂಟಿಕೊಂಡು ಎದ್ದು ಬರುತ್ತದೆ. ಕಿರೀಟವನ್ನು ಒಂದೇ ಸಲಕ್ಕೆ ಕಟ್ಟಬಾರದು. ಒಳಗಿನ ಗುಮ್ಮಟ ರಾತ್ರಿಯಿಡೀ ಗಟ್ಟಿಯಾಗಲಿ, ಮರುದಿನ ಸುತ್ತಿನ ಹಲ್ಲು ಕೂರಿಸಿ. ಹೊಟ್ಟೆಯ ಮೇಲಿನ ತಟ್ಟೆ ಹಾಗೇ ಬಿಟ್ಟಿದ್ದೇನೆ, ಅಂಚಿಗೆ ಮಣಿ ಸಾಲು ಕೂರಿಸಿದರೆ ಅದೇ ಡಾಬು. ಬೆನ್ನ ಮೇಲಿನ ಕೂದಲಿಗೆ ಅಡಿಕೆ ಸಿಪ್ಪೆಯ ನಾರು. ತೋಟದ ಮನೆಯಲ್ಲಿ ಬೇಕಾದಷ್ಟು ಸಿಗುತ್ತದೆ. ಕುದಿಸಿ, ಬಾಚಿ, ಚಿಕ್ಕದಾಗಿ ಕತ್ತರಿಸಿ ಅಂಟಿಸಿದರೆ ಅಂಗಡಿಯ ಯಾವ ಸಾಮಾನೂ ಅದರ ಮುಂದೆ ನಿಲ್ಲುವುದಿಲ್ಲ.

ಇನ್ನು ಬಣ್ಣ. ಮಳೆಗಾಲದ ಕಾರವಾರದಲ್ಲಿ ಸ್ಪ್ರೇ ಪ್ರೈಮರ್ ಮತ್ತು ಸ್ಪ್ರೇ ವಾರ್ನಿಶ್ ಮುಟ್ಟಬೇಡಿ. ಸಾಲ್ವೆಂಟ್ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ನೀರಿನ ಪಸೆ ಅದರ ಮೇಲೆ ಕೂರುತ್ತದೆ, ವಾರ್ನಿಶ್ ಬೆಳ್ಳಗಾಗುತ್ತದೆ. ಬ್ರಷ್‌ನಲ್ಲಿ ಹಚ್ಚುವ ಅಕ್ರಿಲಿಕ್ ಪ್ರೈಮರ್ ಸಾಕು. ಕಪ್ಪು ಹಚ್ಚಿ, ಆರಿದ ಮೇಲೆ ಬೆಳಕು ಬೀಳುವ ದಿಕ್ಕಿನಿಂದ ಬಿಳಿ ಡ್ರೈ ಬ್ರಷ್ ಮಾಡುತ್ತೇನೆ, ಅಂದರೆ ಬ್ರಷ್‌ನ ಬಣ್ಣ ಒರೆಸಿ, ಉಳಿದಷ್ಟನ್ನು ಉಬ್ಬುಗಳ ಮೇಲೆ ಸವರುವುದು. ಎಲ್ಲಿ ನೆರಳು, ಎಲ್ಲಿ ಬೆಳಕು ಅಂತ ಆಗಲೇ ಗೊತ್ತಾಗಿಬಿಡುತ್ತದೆ. ಆಮೇಲೆ ತೆಳು ಬಣ್ಣ, ಒಂದರ ಮೇಲೊಂದು. ಒಳಗಿನದ್ದು ಮೊದಲು, ಹೊರಗಿನದ್ದು ಕೊನೆಗೆ. ಮಾರ್ಚ್, ಏಪ್ರಿಲ್‌ನಲ್ಲಿ ಬಣ್ಣ ಬ್ರಷ್ ಮೇಲೇ ಒಣಗುತ್ತದೆ. ಅದಕ್ಕೆ ಮುಚ್ಚಳದ ಡಬ್ಬಿಯಲ್ಲಿ ಒದ್ದೆ ಸ್ಪಂಜು, ಅದರ ಮೇಲೆ ಬೇಕಿಂಗ್ ಪೇಪರ್ ಇಟ್ಟರೆ ಪ್ಯಾಲೆಟ್ ಆಯ್ತು.

ಮುಖಕ್ಕೆ ಕೆಂಪು, ಕಪ್ಪು, ಅದರ ಮೇಲೆ ಚುಟ್ಟಿ. ಬಣ್ಣದ ಮನೆಯಲ್ಲಿ ಅಕ್ಕಿಹಿಟ್ಟು, ಸುಣ್ಣದಲ್ಲಿ ಇಡುವ ಆ ಬಿಳಿ ಚುಕ್ಕಿಗಳನ್ನು ನಾನು ಸೂಜಿಯ ತುದಿಯಿಂದ ದಪ್ಪ ಬಿಳಿ ಬಣ್ಣದಲ್ಲಿ ಇಡುತ್ತೇನೆ. ಅವು ಉಬ್ಬಿಯೇ ಇರಬೇಕು. ಚಿನ್ನಕ್ಕೆ ಮಾತ್ರ ಚಿನ್ನದ ಬಣ್ಣ ಬಳಸುವುದಿಲ್ಲ. ಅದರಲ್ಲಿರುವ ಮಿನುಗು ಕಣಗಳು ಇಷ್ಟು ಚಿಕ್ಕ ಗೊಂಬೆಗೆ ದೊಡ್ಡದಾಗಿ ಕಾಣುತ್ತವೆ. ಕಂದು, ಹಳದಿ, ಕೆನೆ ಬಣ್ಣ, ಅಂಚಿಗೆ ಒಂದು ಬಿಳಿ ಗೆರೆ, ಇಷ್ಟರಲ್ಲೇ ಬೇಗಡೆಯ ಹೊಳಪು ಬರುತ್ತದೆ. ಇದು ನನ್ನ ಅಭಿಪ್ರಾಯ, ಒಪ್ಪದವರು ಬಹಳ ಜನ ಇದ್ದಾರೆ.

ಗೊಂಬೆ ನಿಲ್ಲುವ ಬಿಲ್ಲೆಯೇ ಬೇಸ್. ಅದರ ಮೇಲೆ ಇಲ್ಲೇ ಹತ್ತಿರದ ಮಾಜಾಳಿಯ ತಿಳ್ಮಾತಿ ಬೀಚಿನ ಒಂದು ಚಿಟಿಕೆ ಮರಳು. ಎಳ್ಳಿನ ಗಾತ್ರದ ಕಪ್ಪು ಕಾಳು ಈ ಅಳತೆಗೆ ಮನುಷ್ಯನ ತಲೆಯಷ್ಟು ದೊಡ್ಡ ಬಂಡೆ. ಉಪ್ಪು ಹೋಗುವಂತೆ ಚೆನ್ನಾಗಿ ತೊಳೆದು ಒಣಗಿಸಿರಬೇಕು. ಕೆಂಪು ಮಣ್ಣಿಗೆ ಚಿರೆಕಲ್ಲಿನ ಪುಡಿ ಜರಡಿ ಹಿಡಿದರೆ ಸಾಕು, ಬಣ್ಣವೇ ಬೇಡ.

ಏನು ಬೇಕಾದರೂ ಕೊಯ್ಯಬಹುದಾ? ಇಲ್ಲ. ಗೊಂಬೆ ಹಿಡಿದಿರುವುದು ಗದೆಯೋ ಕತ್ತಿಯೋ ಅಂತ ಎದುರಾಳಿಗೆ ನೋಡಿದ ತಕ್ಷಣ ಗೊತ್ತಾಗಬೇಕು. ಬೇಸ್ ಅಳತೆ ನಿಯಮದಲ್ಲಿ ಇದ್ದಷ್ಟೇ ಇರಬೇಕು. ಅದು ಅವರಿಗೆ ಕೊಡುವ ಮರ್ಯಾದೆ. ಮಾರಿಕಾಂಬೆಯ ಹಾಗೆ ಒಂದು ಮಾಡಿಕೊಡಿ ಅಂತ ಕೇಳಿದವರೂ ಇದ್ದಾರೆ. ಮಾಡುವುದಿಲ್ಲ. ಈ ಗೊಂಬೆಗಳು ದಾಳದ ಲೆಕ್ಕಕ್ಕೆ ಸಾಯುತ್ತವೆ, ಅಡ್ಡ ಬೀಳುತ್ತವೆ, ಡಬ್ಬಿ ಸೇರುತ್ತವೆ. ದೇವರನ್ನು ಅಲ್ಲಿ ನಿಲ್ಲಿಸಲು ನನಗೆ ಮನಸ್ಸಿಲ್ಲ.

3ಡಿ ಪ್ರಿಂಟ್ ಮಾಡಿಸಬಹುದಲ್ವಾ ಅಂತಲೂ ಕೇಳುತ್ತಾರೆ. ಖಂಡಿತ ಮಾಡಿಸಬಹುದು, ಚೆನ್ನಾಗೂ ಬರುತ್ತದೆ. ನನಗೆ ಮಾತ್ರ ಗರಗಸ ಹಿಡಿದು ಮೊಣಕಾಲು ಒಂದಿಷ್ಟು ತಿರುಗಿಸಿ, ದೂರ ಸರಿದು ನೋಡಿ, ಮತ್ತೆ ಒಂದಿಷ್ಟು ತಿರುಗಿಸುವ ಕೆಲಸವೇ ಇಷ್ಟ.

ಶುರು ಮಾಡುವವರು ಮೊದಲು ತಲೆ ಬದಲಿಸಿ ನೋಡಿ. ಕುತ್ತಿಗೆಯ ಗೆರೆಯಲ್ಲಿ ಕೊಯ್ದು, ಬೇರೆ ತಲೆಯನ್ನು ಸ್ವಲ್ಪ ಓರೆಯಾಗಿ ಕೂರಿಸಿ. ಕಟರ್ ಬ್ಲೇಡ್ ಹೊಸದಿರಲಿ, ಬೆರಳು ಅದರ ದಾರಿಯಲ್ಲಿ ಇರದಿರಲಿ. ಗ್ರೀನ್ ಸ್ಟಫ್ ತರಿಸುವವರೆಗೆ ಬೇಸಿನ ಕಲ್ಲುಬಂಡೆಗೆ ಹಾರ್ಡ್‌ವೇರ್ ಅಂಗಡಿಯ ಎಂ-ಸೀಲ್ ನಡೆಯುತ್ತದೆ. ಬೇಗ ಗಟ್ಟಿಯಾಗುತ್ತದೆ, ಹಾಗಾಗಿ ಸ್ವಲ್ಪ ಸ್ವಲ್ಪವೇ ಕಲಸಿಕೊಳ್ಳಿ.