ಶಿಮ್ಲಾ ಸೇಬು ತಂದ ನೆನಪು

ಬೆಳಿಗ್ಗೆ ಮನೆ ಹತ್ತಿರದ ತಳ್ಳುಗಾಡಿಗೆ ಶಿಮ್ಲಾ ಸೇಬು ಬಂದಿತ್ತು. ಹೊಟ್ಟೆ ಕೆಂಪು, ತೊಟ್ಟಿನ ಸುತ್ತ ಇನ್ನೂ ಹಸಿರು. ಒಂದು ಕೆಜಿ ತಂದೆ. ಹೆಚ್ಚುವಾಗ ಸತ್ಯಾನಂದ ಸ್ಟೋಕ್ಸ್ ನೆನಪಾದರು.

ಅಮೆರಿಕದ ಫಿಲಡೆಲ್ಫಿಯಾದ ಅನುಕೂಲಸ್ಥರ ಮನೆಯ ಹುಡುಗ, ಮೊದಲ ಹೆಸರು ಸ್ಯಾಮ್ಯುಯೆಲ್ ಸ್ಟೋಕ್ಸ್. 1904ರಲ್ಲಿ ಕುಷ್ಠರೋಗಿಗಳ ಸೇವೆಗೆ ಅಂತ ಬಂದವರು, ಶಿಮ್ಲಾ ಕಡೆಯ ಕೋಟ್‌ಗಢದಲ್ಲೇ ನೆಲೆ ನಿಂತರು. ಅಲ್ಲಿಯ ಹುಡುಗಿಯನ್ನೇ ಮದುವೆಯಾದರು. 1916ರಲ್ಲಿ ಅಮೆರಿಕದಿಂದ ರೆಡ್ ಡೆಲಿಷಿಯಸ್ ಅನ್ನೋ ಸೇಬಿನ ಸಸಿ ತರಿಸಿ ನೆಟ್ಟರು. ಆ ಬೆಟ್ಟಗಳಲ್ಲಿ ಸೇಬು ಮೊದಲೂ ಇತ್ತು. ಆದರೆ ಇಂಗ್ಲಿಷರ ಆ ಹುಳಿ ತಳಿಗಳು ನಮ್ಮ ನಾಲಿಗೆಗೆ ಹಿಡಿಸಬೇಕಲ್ವಾ? ಇದು ಸಿಹಿ. ಗುಟ್ಟಾಗಿ ಇಟ್ಟುಕೊಂಡಿದ್ದರೆ ಅವರೊಬ್ಬರೇ ಶ್ರೀಮಂತರಾಗಬಹುದಿತ್ತು. ಅವರು ಅಕ್ಕಪಕ್ಕದ ರೈತರಿಗೆ ಸಸಿ ಹಂಚಿದರು, ಬೆಳೆಸೋದನ್ನೂ ಹೇಳಿಕೊಟ್ಟರು. ಬೆಟ್ಟದ ಜನರಿಂದ ಮಾಡಿಸುತ್ತಿದ್ದ ಬಿಟ್ಟಿ ಚಾಕರಿಯ ವಿರುದ್ಧ ಹೋರಾಡಿದರು. 1921ರಲ್ಲಿ ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೂ ಹೋದರು.

ನನಗೆ ಜಾಸ್ತಿ ತಟ್ಟೋದು ಅವರ ಶಾಲೆ. ಮಗ ತಾರಾ ಪುಟ್ಟ ವಯಸ್ಸಿನಲ್ಲೇ ತೀರಿಕೊಂಡ. ಅವನ ಹೆಸರಿನಲ್ಲಿ ಊರ ಮಕ್ಕಳಿಗೆ ಶಾಲೆ ತೆರೆದರು. ಮಗನನ್ನು ಕಳೆದುಕೊಂಡ ಅಪ್ಪ ದಿನಾ ಅಷ್ಟೊಂದು ಮಕ್ಕಳ ಗಲಾಟೆ ಕೇಳಿಸಿಕೊಂಡಿರಬೇಕು. ಆ ಯೋಚನೆ ಬಂದಾಗೆಲ್ಲ ಗಂಟಲು ಕಟ್ಟುತ್ತದೆ.

ಮಗಳಿಗೆ ಇದೆಲ್ಲ ಹೇಳುತ್ತಾ ಕೂತಿದ್ದೆ. ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಸುಮ್ನೆ ತಟ್ಟೆಯಲ್ಲಿದ್ದ ಬೀಜಗಳನ್ನೆಲ್ಲ ಆರಿಸಿ, ಕಾಗದದಲ್ಲಿ ಮಡಚಿ, ತನ್ನ ಪೆನ್ಸಿಲ್ ಡಬ್ಬಿಯೊಳಗೆ ಇಟ್ಟುಕೊಂಡಳು.