ನಂದಿಯಿಂದ ಗುಡಿಬಂಡೆಗೆ, ಕೆರೆ ಏರಿಗಳ ಮೇಲೆ

ನಂದಿ ಬೆಟ್ಟದ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. 1,478 ಮೀಟರ್ ಎತ್ತರದ ಆ ಬೆಟ್ಟವನ್ನು ಸೈಕಲ್ಲಿನಲ್ಲಿ ಹತ್ತುವುದು ಬೆಂಗಳೂರಿನ ಸವಾರರಿಗೆ ದೀಕ್ಷೆ ಪಡೆದಷ್ಟು ದೊಡ್ಡ ಸಂಗತಿ. ಆದರೆ ರಜೆಯ ದಿನಗಳಲ್ಲಿ ತಿರುವು ತಿರುವಿನಲ್ಲೂ ಕಾರುಗಳು ಬೆನ್ನಿಗೆ ಬಂದು ಹಾರ್ನ್ ಹೊಡೆಯುವ ಆ ದಾರಿಯಲ್ಲಿ ನನಗೆ ಸುಖ ಕಾಣಲಿಲ್ಲ. ನನ್ನ ಮನಸ್ಸು ನಿಂತದ್ದು ಬೆಟ್ಟದ ಬುಡದಲ್ಲಿ, ಭೋಗ ನಂದೀಶ್ವರನ ಕಲ್ಯಾಣಿಯ ಮೆಟ್ಟಿಲುಗಳ ಮೇಲೆ.

ಚಿಕ್ಕಬಳ್ಳಾಪುರದ ಚಿಕ್ಕಮ್ಮನ ಮನೆಯಲ್ಲಿ ಉಳಿದುಕೊಂಡು ನಾನೂ ತಮ್ಮನೂ ಸುತ್ತಮುತ್ತಲ ಹಳ್ಳಿ ರಸ್ತೆಗಳನ್ನು ಸೈಕಲ್ಲಿನಲ್ಲಿ ನೋಡಲು ಹೊರಟಿದ್ದೆವು. ಅವರೆಕಾಯಿಯ ಕಾಲ. ಬೆಳಗಿನ ಮಂಜಿನಲ್ಲಿ ಹೊಲದ ಬದಿಯಿಂದ ಸೊಗಡಿನ ವಾಸನೆ ಏಳುತ್ತಿತ್ತು. ನಂದಿ ಗ್ರಾಮದ ದೇವಾಲಯಕ್ಕೆ ಒಂಬತ್ತನೆಯ ಶತಮಾನದಷ್ಟು ಹಿಂದಿನ ಶಾಸನಗಳ ಆಧಾರವಿದೆ. ಬಾಣರು, ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರಾದ ಮೇಲೊಬ್ಬರು ಅಲ್ಲಿ ಕೈಯಾಡಿಸಿದ್ದಾರೆ. ಅರುಣಾಚಲೇಶ್ವರನದು ಬಾಲ್ಯ, ಭೋಗ ನಂದೀಶ್ವರನದು ಯೌವನ, ಬೆಟ್ಟದ ಮೇಲಿನ ಯೋಗ ನಂದೀಶ್ವರನದು ವೈರಾಗ್ಯ ಎಂಬುದು ಅಲ್ಲಿನ ನಂಬಿಕೆ. ಕಪ್ಪು ಕಲ್ಲಿನ ಕಲ್ಯಾಣ ಮಂಟಪದ ಕಂಬಗಳನ್ನು ನೋಡಲು ಒಂದು ಬೆಳಗು ಸಾಲದು. ಅಲ್ಲಿಂದ ದ್ರಾಕ್ಷಿ ತೋಟಗಳ ನಡುವೆ ಮುದ್ದೇನಹಳ್ಳಿಗೆ ಹೋಗಿ, 1962ರಲ್ಲಿ ತೀರಿಕೊಂಡ ವಿಶ್ವೇಶ್ವರಯ್ಯನವರ ಸಮಾಧಿಯನ್ನು ನೋಡಿಕೊಂಡು ಬಂದೆವು. ಮರುದಿನ ಶಿಡ್ಲಘಟ್ಟದ ಕಡೆಗೆ, ಹಿಪ್ಪುನೇರಳೆ ತೋಟಗಳ ದಾರಿಯಲ್ಲಿ. ಅವೆಲ್ಲ ಚೆಲುವಾದ ದಾರಿಗಳೇ. ಆದರೆ ನಾನು ಬರೆಯಲು ಕುಳಿತದ್ದು ಗುಡಿಬಂಡೆಗೆ ಹೋದ ದಿನಕ್ಕಾಗಿ.

ಈ ಸೀಮೆಯಲ್ಲಿ ನೆಲದ ಓರೆ ತೊಡೆಗಳಿಗೆ ತಿಳಿಯುತ್ತದೆ. ಇಳಿಜಾರು ಸಿಕ್ಕಿತು, ಪೆಡಲ್ ತುಳಿಯದೆಯೇ ಸೈಕಲ್ ಓಡತೊಡಗಿತು ಎಂದರೆ ಮುಂದೆ ಕೆರೆಯೊಂದು ಇದ್ದೇ ಇರುತ್ತದೆ. ಗಾಳಿ ತಣ್ಣಗಾಗುತ್ತದೆ, ರಸ್ತೆ ಏರಿಯ ಮೇಲೆ ಹತ್ತುತ್ತದೆ, ಒಂದು ಕಡೆ ನೀರು, ಇನ್ನೊಂದು ಕಡೆ ಅಚ್ಚುಕಟ್ಟು, ಅಂದರೆ ಕೆರೆಯ ನೀರುಣ್ಣುವ ಗದ್ದೆಬಯಲು. ಹೆಚ್ಚಾದ ನೀರು ಹೊರಹೋಗುವ ಕೋಡಿಯನ್ನು ದಾಟಿದ ಮೇಲೆ ಮತ್ತೆ ಏರು, ದಿಣ್ಣೆ, ಮತ್ತೆ ಇಳಿಜಾರು, ಮತ್ತೊಂದು ಕೆರೆ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆಯಿದು. ಬಿದ್ದ ಮಳೆಯನ್ನು ಮೇಲಿನ ಕೆರೆಯಿಂದ ಕೆಳಗಿನ ಕೆರೆಗೆ ದಾಟಿಸುತ್ತಾ ಬದುಕಿದ ನಾಡು. ಕಾರಿನಲ್ಲಿ ಎಷ್ಟೋ ಸಲ ಓಡಾಡಿದ್ದರೂ ಈ ಸರಪಳಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಹೆದ್ದಾರಿಯಲ್ಲಿ ಪೇರೇಸಂದ್ರದವರೆಗೆ ಹೋಗಿ ಗುಡಿಬಂಡೆಯ ರಸ್ತೆಗೆ ಹೊರಳಿದೆವು. ಹೆದ್ದಾರಿಯ ಆ ತುಣುಕು ಲಾರಿಗಳ ದಾರಿ, ಬೆಳಕು ಹರಿಯುವ ಮುಂಚೆ ಅಲ್ಲಿ ಸೈಕಲ್ ಇಳಿಸಬೇಡಿ. ಆಮೇಲಿನ ದಾರಿ ಬಂಡೆ ಗುಡ್ಡಗಳ ನಡುವೆ ಸುಳಿದು ಹೋಗುತ್ತದೆ, ವಾಹನ ಕಡಿಮೆ. ಅಲ್ಲೇ ಒಂದು ಸಣ್ಣ ಕೆರೆಯ ಏರಿಯ ಮೇಲೆ ನನ್ನ ಹಿಂದಿನ ಚಕ್ರ ಕೂತುಹೋಯಿತು. ಬಳ್ಳಾರಿ ಜಾಲಿಯ ಮುಳ್ಳು.

ಪಂಕ್ಚರ್ ದೊಡ್ಡ ವಿಷಯವಲ್ಲ. ಇವತ್ತಿಗೂ ಸಿಟ್ಟು ತರಿಸುವುದು ಬದಲಿ ಟ್ಯೂಬು. ರಿಮ್ ಆಳವಾಗಿದೆ, ಉದ್ದ ವಾಲ್ವಿನದೇ ಬೇಕು ಎಂದು ಬೆಂಗಳೂರಿನ ಒಂದು ಅಂಗಡಿಯಲ್ಲಿ ಎರಡೆರಡು ಸಲ ಹೇಳಿ ಕೊಂಡು ತಂದಿದ್ದೆ. ಪೆಟ್ಟಿಗೆಯ ಮೇಲೆ ಉದ್ದ ವಾಲ್ವ್ ಎಂದೇ ಅಚ್ಚಾಗಿತ್ತು. ಒಳಗೆ ಇದ್ದದ್ದು ಗಿಡ್ಡದ್ದು. ರಿಮ್ಮಿನಿಂದ ಹೊರಗೆ ಬೆರಳು ತುದಿಯಷ್ಟೂ ಚಾಚುತ್ತಿರಲಿಲ್ಲ, ಪಂಪು ಕಚ್ಚಲು ಜಾಗವೇ ಇಲ್ಲ. ಅಂಗಡಿಯಲ್ಲೇ ಪೆಟ್ಟಿಗೆ ಬಿಚ್ಚಿಸಿ ನೋಡಿ. ತೆಳು ವಾಲ್ವಿನ ಸೈಕಲ್ಲಾದರೆ ಪುಟ್ಟ ಹಿತ್ತಾಳೆ ಅಡಾಪ್ಟರ್ ಒಂದನ್ನು ಜೇಬಿನಲ್ಲಿ ಇಟ್ಟುಕೊಳ್ಳಿ, ಹಳ್ಳಿಯ ಸೈಕಲ್ ಶಾಪಿನ ಪಂಪು ಅದಿಲ್ಲದೆ ಕೂರುವುದಿಲ್ಲ. ಮುಳ್ಳು ಕಿತ್ತ ಮೇಲೂ ಟೈರಿನ ಒಳಮೈಯನ್ನು ಬೆರಳಿನಿಂದ ಸವರಿ ನೋಡಿ. ಜಾಲಿಮುಳ್ಳಿನ ಮೊನೆ ಮುರಿದು ಅಲ್ಲೇ ಉಳಿದಿರುತ್ತದೆ.

ಹಳೆಯ ಟ್ಯೂಬಿಗೇ ತೇಪೆ ಹಾಕಬೇಕಾಯಿತು. ತೂತು ಎಲ್ಲಿದೆಯೆಂದು ಕಾಣದೆ ನಾವು ಕಿವಿ ಇಟ್ಟು ಆಲಿಸುತ್ತಿದ್ದಾಗ ಕುರಿಗಳ ಹಿಂದೆ ಬಂದ ಮುದುಕರೊಬ್ಬರು, "ಇಲ್ಲಿ ಕೊಡಮ್ಮಾ" ಎಂದು ಟ್ಯೂಬನ್ನು ಇಸಿದುಕೊಂಡು, ಏರಿಯ ಕಲ್ಲುಕಟ್ಟಡ ಇಳಿದು ನೀರಿನಲ್ಲಿ ಅದ್ದಿ ಗುಳ್ಳೆ ಎದ್ದ ಜಾಗಕ್ಕೆ ಹೆಬ್ಬೆರಳು ಒತ್ತಿ ಹಿಡಿದರು. ತೇಪೆ ಒಣಗುವವರೆಗೆ ಮಾತಿಗೆ ಕುಳಿತೆವು. ಅವರು ಆ ಕೆರೆಯ ನೀರುಗಂಟಿ. ಅವರ ತಂದೆಯೂ ಅದೇ, ಅಜ್ಜನೂ ಅದೇ.

"ತಾತ, ನೀರುಗಂಟಿ ಎಂದರೆ ಏನು ಮಾಡಬೇಕು?" ಎಂದು ತಮ್ಮ ಕೇಳಿದ.

ಅವರು ನೀರಿನ ನಡುವೆ ನಿಂತಿದ್ದ ಎರಡು ಕಲ್ಲುಕಂಬಗಳನ್ನು ತೋರಿಸಿದರು. ಅದು ತೂಬು. ಅದರ ಬಾಯಿಗೆ ಜಡಿದ ಮರದ ಬೆಣೆಯನ್ನು ಎತ್ತಿದರೆ ನೀರು ಏರಿಯ ಅಡಿಯಿಂದ ಹಾದು ಗದ್ದೆಯ ಕಾಲುವೆಗೆ ಹೋಗುತ್ತದೆ. ಯಾವ ದಿನ ಎತ್ತಬೇಕು, ಎಷ್ಟು ಹೊತ್ತು, ಯಾರ ಗದ್ದೆಗೆ ಮೊದಲು ಎಂಬುದು ನೀರುಗಂಟಿಯ ಮಾತು. ಗದ್ದೆಯ ಒಡೆಯನಿಗೂ ತೂಬು ಮುಟ್ಟುವ ಅಧಿಕಾರವಿರಲಿಲ್ಲ. ಕೆರೆ ಅರ್ಧವೇ ತುಂಬಿದ ವರ್ಷ ಊರಿನವರು ಅರಳಿಕಟ್ಟೆಯಲ್ಲಿ ಕೂತು ಈ ಸಲ ಭತ್ತ ಬೇಡ, ರಾಗಿ ಸಾಕು ಎಂದು ತೀರ್ಮಾನಿಸುತ್ತಿದ್ದರು. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ನೀರುಗಂಟಿಯ ಪಾಲಿನ ಧಾನ್ಯ, ಅಂದರೆ ಆಯ, ಅಳೆದು ಕೊಡುತ್ತಿದ್ದರು.

"ಕೊನೆಯ ಗದ್ದೆಗೆ ನೀರು ಮುಟ್ಟಿತು ಎಂದರೆ ಮಾತ್ರ ನಮ್ಮಪ್ಪ ಊಟಕ್ಕೆ ಬರುತ್ತಿದ್ದರು" ಎಂದರು. "ಮೊದಲ ಗದ್ದೆಯವನು ಹೇಗೂ ಬದುಕುತ್ತಾನೆ. ಕೊನೆಯವನನ್ನು ನೋಡಿಕೊಳ್ಳುವುದಕ್ಕೇ ಅಲ್ಲವೇ ನಮ್ಮನ್ನು ಇಟ್ಟಿದ್ದು?"

"ಈಗ ಯಾವಾಗ ತೂಬು ಎತ್ತುತ್ತೀರಿ?" ಎಂದು ನಾನು ಕೇಳಿದೆ. ಕೆರೆಯಲ್ಲಿ ನೀರು ಚೆನ್ನಾಗಿಯೇ ಇತ್ತು.

"ಈಗ ಎತ್ತುವುದಿಲ್ಲಮ್ಮ."

ಎಷ್ಟೋ ವರ್ಷ ಕೆರೆಗೆ ನೀರೇ ಬರಲಿಲ್ಲವಂತೆ. ಕೆರೆಯಂಗಳದಲ್ಲಿ ಜಾಲಿ ಬೆಳೆದು ಕುರಿಯೂ ನುಗ್ಗದ ಹಾಗಾಯಿತು. ಆಮೇಲೆ 2021ರ ನವೆಂಬರಿನ ಮಳೆ. ರಾತ್ರಿಯೆಲ್ಲ ಹೊಡೆದ ಮಳೆ ಬೆಳಿಗ್ಗೆ ಬಿಟ್ಟಾಗ ಕೆರೆ ಕೋಡಿ ಹೋಗುತ್ತಿತ್ತು. ಹೆಂಗಸರು ಗಂಗಮ್ಮನಿಗೆ ಬಾಗಿನ ಕೊಟ್ಟರು, ಬಾಳೆದಿಂಡಿನ ತೆಪ್ಪ ಕಟ್ಟಿ ದೀಪ ಬಿಟ್ಟರು. ತಾತ ಬೆಣೆ, ಹಗ್ಗ ಎಲ್ಲ ಹುಡುಕಿ ತೆಗೆದಿಟ್ಟರು. ಆದರೆ ತೂಬು ಎತ್ತಬೇಡ ಎಂದು ಊರೇ ಹೇಳಿತು. ನೀರು ನಿಂತಿರಲಿ, ಇಂಗಲಿ, ಬೋರ್‌ವೆಲ್‌ಗಳಿಗೆ ಒಸರಲಿ. ಸಾವಿರ ಅಡಿ ಕೊರೆಸಿಯೂ ಧೂಳು ಕಂಡವರ ಮಾತು ಅದು, ತಪ್ಪೆನ್ನಲು ತಾತನಿಗೆ ಬಾಯಿ ಬರಲಿಲ್ಲ.

"ಬೋರು ಇರುವವನಿಗೆ ಅದು ಸರಿ. ಇಲ್ಲದವನ ಗದ್ದೆಗೆ ಯಾರು ಬಿಡಬೇಕು?" ಎಂದು ಕೇಳಿ ಅವರು ನನ್ನ ಮುಖ ನೋಡಿದರು. ನನ್ನ ಬಳಿ ಉತ್ತರವಿರಲಿಲ್ಲ. ತುಂಬಿದ ಕೆರೆ ಕಂಡಾಗಲೆಲ್ಲ ಅದರ ಕೆಳಗಿನ ಬಯಲಿಗೆಲ್ಲ ನೀರು ಸಿಕ್ಕಿತು ಎಂದೇ ನಾನು ನಂಬಿದ್ದೆ. ಏರಿಯ ಆಚೆ ಬದಿಗೆ ತಿರುಗಿ ನೋಡಿದೆ. ತೋಟಗಳು ಹಸಿರಾಗಿದ್ದವು, ನಡುನಡುವೆ ಒಣ ಕೂಳೆಯ ತುಂಡುಗಳು ಹಾಗೇ ಬಿದ್ದಿದ್ದವು.

ಚಿಕ್ಕಬಳ್ಳಾಪುರದ ಕಂದವಾರ ಕೆರೆಗೆ ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯ ನೀರು ಬರುವುದನ್ನೂ ಅವರು ಕೇಳಿದ್ದರು. ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧೀಕರಿಸಿ ಈ ಕಡೆಯ ಕೆರೆಗಳಿಗೆ ತುಂಬುವ ಯೋಜನೆ ಅದು. ಮೂರನೆಯ ಹಂತವೂ ಆಗಲೇಬೇಕು ಎಂದು ಜಿಲ್ಲೆಯ ಹೋರಾಟಗಾರರು ಕೇಳುತ್ತಲೇ ಇದ್ದಾರೆ, ಆ ಬೇಡಿಕೆ ನ್ಯಾಯವಾದದ್ದು ಎಂದು ನನಗೂ ಅನ್ನಿಸುತ್ತದೆ. ತಾತ ಮಾತ್ರ ಒಂದೇ ಪ್ರಶ್ನೆ ಕೇಳಿದರು: "ಆ ನೀರನ್ನು ನೀವು ಕುಡಿಯುತ್ತೀರಾ?"

ಹೊರಡುವಾಗ ನಮಗೊಂದು ಕೆಲಸ ಒಪ್ಪಿಸಿದರು. ಅವರ ಕೆರೆಯ ಕೋಡಿ ನೀರು ಸೇರುವುದು ಕೆಳಗಿನ ಊರಿನ ಕೆರೆಗೆ. ನಡುವಿನ ಕಾಲುವೆಯಲ್ಲಿ ಜಾಲಿ ಹೆಣೆದುಕೊಂಡಿದೆ, ಅರ್ಧ ಮುಚ್ಚಿಯೂ ಹೋಗಿದೆ. ಮಳೆಗಾಲಕ್ಕೆ ಮುಂಚೆ ತೆಗೆಸದಿದ್ದರೆ ನೀರು ಕೆರೆಗೆ ಹೋಗದೆ ಹೊಲಗಳಿಗೆ ನುಗ್ಗುತ್ತದೆ. ಅಲ್ಲಿನ ನೀರುಗಂಟಿಯ ಮನೆಗೆ ಹೋಗಿ ತಿಳಿಸಬೇಕು. ಹಿಂದೆಲ್ಲ ಕೋಡಿ ಬಿದ್ದರೆ ಮೇಲಿನ ಊರಿನವನು ಕೆಳಗಿನ ಊರಿಗೆ ಓಡಿಹೋಗಿ ಹೇಳುತ್ತಿದ್ದನಂತೆ. ಈಗ ನನ್ನ ಮಂಡಿ ಓಡುವುದಿಲ್ಲ ಎಂದರು.

ಗುಡಿಬಂಡೆಯಲ್ಲಿ ಮುದ್ದೆ, ಅವರೆಕಾಳಿನ ಸಾರು ಉಂಡು ಸುರಸದ್ಮಗಿರಿ ಹತ್ತಿದೆವು. ಪಾಳೆಯಗಾರ ಬೈರೇಗೌಡ ಕಟ್ಟಿಸಿದ ಕೋಟೆ. ಬಂಡೆಯ ಮೈಯಲ್ಲಿ ಒಂದರ ಕೆಳಗೊಂದು ಹತ್ತೊಂಬತ್ತು ದೊಣೆಗಳು, ಅಂದರೆ ಮಳೆನೀರು ನಿಲ್ಲುವ ಕಲ್ಲುಹೊಂಡಗಳು, ಇವೆ ಎನ್ನುತ್ತಾರೆ. ಮೇಲಿನದು ತುಂಬಿದರೆ ಕೆಳಗಿನದಕ್ಕೆ ನೀರು. ಬೆಳಿಗ್ಗೆ ತಾತ ಹೇಳಿದ ವ್ಯವಸ್ಥೆಯೇ ಇಲ್ಲಿ ಬಂಡೆಯ ಮೇಲೆ ಕಣ್ಣಿಗೆ ಕಾಣುತ್ತಿತ್ತು. ಕೆಳಗೆ ಅಮಾನಿ ಬೈರಸಾಗರ. ಮೇಲಿನಿಂದ ನೋಡಿದರೆ ಭಾರತದ ನಕ್ಷೆಯ ಹಾಗಿದೆ ಎಂದು ಎಲ್ಲರೂ ಅದರ ಫೋಟೋ ತೆಗೆಯುತ್ತಾರೆ. ಆಕಾರಕ್ಕಿಂತ ಅದರ ಕೋಡಿಯ ದಿಕ್ಕು, ಅಚ್ಚುಕಟ್ಟಿನ ಹರವು ನೋಡಬೇಕು. ಕೋಟೆಯ ದಾರಿಯಲ್ಲಿ ಎಸೆದ ಬಾಟಲಿಗಳನ್ನು ಕಂಡು ಬೇಸರವಾಯಿತು. ದೊಣೆಯೊಂದರಲ್ಲೂ ತೇಲುತ್ತಿದ್ದವು. ಕೈಗೆ ಸಿಕ್ಕಷ್ಟನ್ನು ತಮ್ಮ ಎತ್ತಿಕೊಂಡು ಬಂದ.

ಹಿಂತಿರುಗುವಾಗ ಮುಖ್ಯ ರಸ್ತೆ ಬಿಟ್ಟು ಆ ಕೆಳಗಿನ ಊರಿಗೆ ಹೋದೆವು. ಮಣ್ಣಿನ ದಾರಿ, ರೋಡ್ ಸೈಕಲ್ಲಿನ ತೆಳು ಟೈರಿಗೆ ಹೇಳಿದ್ದಲ್ಲ, ಬಹಳಷ್ಟು ತಳ್ಳಿಕೊಂಡೇ ನಡೆದೆವು. ನೀರುಗಂಟಿಯ ಮನೆ ಎಂದರೆ ಮಕ್ಕಳಿಗೆ ತಿಳಿಯಲಿಲ್ಲ. ಅಜ್ಜಿಯೊಬ್ಬರು ಚಿಲ್ಲರೆ ಅಂಗಡಿ ತೋರಿಸಿದರು. ಅಂಗಡಿಯವರ ತಂದೆ ನೀರುಗಂಟಿಯಾಗಿದ್ದರು, ಈಗ ಇಲ್ಲ. ವಿಷಯ ಹೇಳಿದೆವು. ಅವರು ಸುಮ್ಮನೆ ಕೇಳಿಸಿಕೊಂಡರು. ಕಾಲುವೆ ಎಲ್ಲಿ ಮುಚ್ಚಿದೆ, ಯಾರ ಹೊಲದ ಬದಿ ಎಂದೆಲ್ಲ ವಿಚಾರಿಸಿದರು.

"ಅಪ್ಪ ಇದ್ದಿದ್ದರೆ ಮಚ್ಚು ಹಿಡಿದು ತಾವೇ ಹೋಗುತ್ತಿದ್ದರು. ಈಗ ಪಂಚಾಯಿತಿಗೆ ಅರ್ಜಿ ಕೊಡಬೇಕು. ನನಗೆ ಅರ್ಜಿ ಬರೆದು ರೂಢಿಯಿಲ್ಲ, ನೀವೇ ಬರೆದುಕೊಡಿ ಅಕ್ಕ" ಎಂದು ಲೆಕ್ಕದ ಪುಸ್ತಕದಿಂದ ಹಾಳೆ ಹರಿದು ಕೊಟ್ಟರು.

ಸಕ್ಕರೆ ಮೂಟೆಯ ಮೇಲೆ ಹಾಳೆ ಇಟ್ಟುಕೊಂಡು ಬರೆದೆ. ಎರಡೂ ಕೆರೆಗಳ ಹೆಸರು, ಕಾಲುವೆ ಮುಚ್ಚಿದ ಜಾಗ, ಮಳೆಗಾಲಕ್ಕೆ ಮುಂಚೆ ಹೂಳು ಮತ್ತು ಜಾಲಿ ತೆಗೆಸಬೇಕೆಂಬ ಕೋರಿಕೆ. ಅವರು ಓದಿ, ಸಹಿ ಹಾಕಿ, ಮೇಲಿನ ಊರಿನ ತಾತನ ಹೆಬ್ಬೆಟ್ಟನ್ನೂ ಒತ್ತಿಸಿಕೊಂಡು ಬರುತ್ತೇನೆಂದು ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ ಬೈಕ್ ಹತ್ತಿದರು.