ನಂಬರ್ 22 ಎಲ್ಲಿ ಕಳೆದುಹೋಯಿತು?

ಕಳೆದ ಭಾನುವಾರ ಅಣ್ಣನ ಮಗಳು ಲ್ಯಾಪ್‌ಟಾಪ್ ಹಿಡಿದುಕೊಂಡು ಕೋಥ್ರುಡ್‌ನ ನಮ್ಮ ಮನೆಗೆ ಬಂದಳು. ಇಲ್ಲೇ ಪುಣೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಅಮೆರಿಕದ ಎಂಐಟಿಯವರು ಪಾಠಕ್ಕೆಂದೇ ಬರೆದ ಎಕ್ಸ್‌ವಿ6 ಎಂಬ ಪುಟ್ಟ ಕರ್ನಲ್‌ಗೆ ಒಂದು ಹೊಸ ಸಿಸ್ಟಂ ಕಾಲ್ ಸೇರಿಸುವ ಅಸೈನ್‌ಮೆಂಟ್ ಇತ್ತು. ಕರ್ನಲ್ ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು, ಸಿಸ್ಟಂ ಕಾಲ್ ಅಂದರೆ ಪ್ರೋಗ್ರಾಂಗಳು ಅದರಿಂದ ಕೆಲಸ ಕೇಳುವ ದಾರಿ, ಒಂದೊಂದಕ್ಕೂ ಒಂದು ನಂಬರ್. ಕಂಪೈಲ್ ಆಗುತ್ತದೆ, ಓಡಿಸಿದರೆ ಮಾತ್ರ ‘ಅನ್‌ನೋನ್ ಸಿಸ್ ಕಾಲ್ 22’ ಅಂತ ಬರುತ್ತದೆ.

"ಕಾಕಾ, ಎಲ್ಲಾ ಸರೀನೇ ಬರದೀನಿ. ಆದ್ರೂ ಕರ್ನಲ್ ಗೊತ್ತಿಲ್ಲ ಅಂತದ."

ಅವಳು ಸುಳ್ಳು ಹೇಳುತ್ತಿರಲಿಲ್ಲ. ಸಿಸ್‌ಕಾಲ್.ಎಚ್‌ನಲ್ಲಿ ನಂಬರ್ ಕೊಟ್ಟಿದ್ದಳು, ಯೂಸರ್.ಎಚ್‌ನಲ್ಲಿ ಡಿಕ್ಲರೇಶನ್ (ಫಂಕ್ಷನ್ ಹೇಗಿರುತ್ತದೆ ಅನ್ನುವ ಘೋಷಣೆ) ಬರೆದಿದ್ದಳು, ಯುಸಿಸ್ ಎಂಬ ಪರ್ಲ್ ಸ್ಕ್ರಿಪ್ಟ್‌ಗೂ ಒಂದು ಸಾಲು ಸೇರಿಸಿದ್ದಳು. ಯಾವ ನಂಬರ್‌ಗೆ ಯಾವ ಫಂಕ್ಷನ್ ಅಂತ ಹೇಳುವ, ಸಿಸ್‌ಕಾಲ್.ಸಿ ಒಳಗಿನ ಪಟ್ಟಿಗೆ ಸೇರಿಸುವುದು ಮಾತ್ರ ಬಿಟ್ಟುಹೋಗಿತ್ತು. ಆ ಪಟ್ಟಿ 21ಕ್ಕೇ ಮುಗಿಯುತ್ತಿತ್ತು, 22 ಹೋಗಿ ಕೇಳಿದರೆ ಅಲ್ಲಿ ಯಾರೂ ಇಲ್ಲ. ಲೆಕ್ಕ ಹಾಕಿ ನೋಡಿ, ಒಂದು ಕಾಲ್‌ಗೆ ಅದರ ಕೋಡ್ ಬಿಟ್ಟು ನಾಲ್ಕು ಫೈಲ್, ಐದು ಜಾಗ (ಸಿಸ್‌ಕಾಲ್.ಸಿ ಒಳಗೇ ಎರಡು: ಡಿಕ್ಲರೇಶನ್, ಪಟ್ಟಿ). ಒಂದು ಮರೆತರೂ ಕೆಲಸ ಕೆಟ್ಟಿತು, ಅದನ್ನು ಕಂಪೈಲರ್ ಯಾವಾಗಲೂ ಹೇಳುವುದಿಲ್ಲ.

ಇದನ್ನು ಅವಳ ತಪ್ಪು ಅನ್ನಲು ನನಗೆ ಮನಸ್ಸಿಲ್ಲ. ಒಂದೇ ವಿಷಯವನ್ನು ಐದು ಕಡೆ ಕೈಯಿಂದ ಬರೆಸುವ ವ್ಯವಸ್ಥೆಯ ತಪ್ಪು ಅದು. ಕಲಿಯಲು ಅದೇ ಒಳ್ಳೆಯದು, ಯಾವ ಕೊಂಡಿ ಎಲ್ಲಿದೆ ಅಂತ ಕಣ್ಣಿಗೆ ಕಾಣುತ್ತದೆ. ಆದರೆ ನೂರಾರು ಕಾಲ್ ಇರುವ ಕರ್ನಲ್‌ನಲ್ಲಿ ಹೀಗೆ ನಡೆಯುವುದಿಲ್ಲ, ಅಲ್ವಾ?

ಅವಳಿಗೆ ಲಿನಕ್ಸ್ ತೆಗೆದು ತೋರಿಸಿದೆ. ಎಕ್ಸ್86 ಅಂದರೆ ಇಂಟೆಲ್ ಥರದ ಪ್ರೊಸೆಸರ್‌ಗಳಿಗೆ ಸಿಸ್‌ಕಾಲ್_64 ಎಂಬ ಟೇಬಲ್ ಫೈಲ್ ಇದೆ. ಒಂದು ಕಾಲ್‌ಗೆ ಒಂದು ಸಾಲು: ನಂಬರ್, ಯಾವ ಎಬಿಐ (ಪ್ರೋಗ್ರಾಂ, ಕರ್ನಲ್ ನಡುವಿನ ಒಪ್ಪಂದ), ಹೆಸರು, ಕರೆಯಬೇಕಾದ ಫಂಕ್ಷನ್. ರೀಡ್ 0, ರೈಟ್ 1, ಓಪನ್ 2. ಬಿಲ್ಡ್ ಮಾಡುವಾಗ ನಂಬರ್‌ಗಳ ಹೆಡರ್ ಇದರಿಂದಲೇ ಹುಟ್ಟುತ್ತದೆ. ಇಷ್ಟು ಚೆನ್ನಾಗಿದೆ. ಆದರೆ ಫಂಕ್ಷನ್‌ಗಳ ಡಿಕ್ಲರೇಶನ್‌ಗಳು ಇಂದಿಗೂ ಬೇರೆ ಕಡೆ, ಇನ್‌ಕ್ಲೂಡ್/ಲಿನಕ್ಸ್ ಒಳಗಿನ ಸಿಸ್‌ಕಾಲ್ಸ್.ಎಚ್‌ನಲ್ಲಿ ಇವೆ, ಅವನ್ನು ಕೈಯಿಂದಲೇ ಬರೆಯಬೇಕು.

ನನಗೆ ತುಂಬಾ ಇಷ್ಟವಾದ ಒಂದು ಕೆಲಸ ಈ ಫೈಲ್‌ನಲ್ಲಿ 2018ರಲ್ಲಿ, ಲಿನಕ್ಸ್ 4.17ರ ಹೊತ್ತಿಗೆ ಆಯಿತು. ಕರ್ನಲ್ ಡೆವಲಪರ್ ಡೊಮಿನಿಕ್ ಬ್ರೊಡೋವ್ಸ್ಕಿ ಆ ಡಿಕ್ಲರೇಶನ್‌ಗಳನ್ನೆಲ್ಲ ಮತ್ತೆ ಜೋಡಿಸಿದರು. ಅಕ್ಷರಮಾಲೆಯ ಕ್ರಮದಲ್ಲಿ ಅಲ್ಲ, ಎಎಸ್‌ಎಂ-ಜೆನೆರಿಕ್‌ನ ಯೂನಿಸ್ಟಿಡಿ ಎಂಬ ನಂಬರ್‌ಗಳ ಫೈಲ್‌ನಲ್ಲಿರುವ ಕ್ರಮದಲ್ಲಿ. ನಡುನಡುವೆ ಕೋಡ್ ಎಲ್ಲಿದೆ ಅಂತ ಫೈಲ್ ಹೆಸರಿನ ಕಾಮೆಂಟ್. ಒಂದೊಂದು ಆರ್ಕಿಟೆಕ್ಚರ್‌ಗೆ (ಪ್ರೊಸೆಸರ್ ಬಗೆಗೆ) ಮಾತ್ರ ಸೇರಿದವು ಕೆಳಗೆ, ಹಳತಾಗಿ ಬಿಟ್ಟವು ಅದಕ್ಕೂ ಕೆಳಗೆ. ಸುಮ್ನೆ ಸಾಲು ಅತ್ತಿತ್ತ ಮಾಡಿದ್ದು ಅಂತ ಅನ್ನಿಸಬಹುದು. ಆದರೆ ಪಕ್ಕಪಕ್ಕದಲ್ಲಿ ಇಟ್ಟು ಎರಡು ಪಟ್ಟಿ ಓದುವವನಿಗೆ, ಯಾವುದು ಬಿಟ್ಟುಹೋಗಿದೆ ಅಂತ ಹುಡುಕುವವನಿಗೆ, ಅದು ಎಷ್ಟು ದೊಡ್ಡ ಉಪಕಾರ ಗೊತ್ತಾ! ಅದೇ ಸಮಯದಲ್ಲಿ ಕರ್ನಲ್ ಒಳಗಿಂದ ಈ ಫಂಕ್ಷನ್‌ಗಳನ್ನು ನೇರವಾಗಿ ಕರೆಯುವುದನ್ನೂ ತೆಗೆದರು. ಇವು ಹೊರಗಿನಿಂದ ಬರುವವರಿಗೆ ಇರುವ ಬಾಗಿಲು, ಮನೆಯವರು ಅದರಲ್ಲಿ ಓಡಾಡಬೇಕಾಗಿಲ್ಲ.

ಹುಡುಕುವಾಗ ಒಂದು ವಿಷಯ ನೆನಪಿಡಿ. ‘ಸಿಸ್_ರೀಡ್’ ಅಂತ ಗ್ರೆಪ್ ಮಾಡಿದರೆ ಡಿಕ್ಲರೇಶನ್ ಸಿಗುತ್ತದೆ, ಕೋಡ್ ಸಿಗುವುದಿಲ್ಲ. ಕೋಡ್ ಸಿಸ್‌ಕಾಲ್_ಡಿಫೈನ್3 ಎಂಬ ಮ್ಯಾಕ್ರೋ (ಕಂಪೈಲ್ ಆಗುವಾಗ ಪೂರ್ತಿ ಕೋಡ್ ಆಗಿ ಬಿಚ್ಚಿಕೊಳ್ಳುವ ಚುಟುಕು) ಒಳಗೆ ಇರುತ್ತದೆ, 3 ಅಂದರೆ ಎಷ್ಟು ಆರ್ಗ್ಯುಮೆಂಟ್ (ಫಂಕ್ಷನ್‌ಗೆ ಕೊಡುವ ಮೌಲ್ಯ) ಅಂತ. ಈ ಮ್ಯಾಕ್ರೋ 2009ರಲ್ಲಿ ಬಂದದ್ದು ಸುರಕ್ಷತೆಗಾಗಿ: ಕೆಲವು 64-ಬಿಟ್ ಯಂತ್ರಗಳಲ್ಲಿ 32-ಬಿಟ್ ಆರ್ಗ್ಯುಮೆಂಟ್ ಬಂದಾಗ ಮೇಲಿನ ಅರ್ಧದಲ್ಲಿ ಏನಿದೆ ಅಂತ ನಂಬುವ ಹಾಗಿರಲಿಲ್ಲ.

ಇನ್ನು ನಂಬರ್. ನಾನು ಮೊದಲು ಇದ್ದ ಒಂದು ಕಂಪನಿಯಲ್ಲಿ 4.9 ಕರ್ನಲ್‌ಗೆ ನಮ್ಮದೇ ಒಂದು ಕಾಲ್ ಸೇರಿಸಿದ್ದರು. ಪಟ್ಟಿ 331ಕ್ಕೆ ಮುಗಿದಿತ್ತು, ಇವರು 332 ತೆಗೆದುಕೊಂಡರು. ಆಮೇಲೆ 4.14ಕ್ಕೆ ಹೋದೆವು. ಅಷ್ಟರಲ್ಲಿ 332 ಸ್ಟ್ಯಾಟ್‌ಎಕ್ಸ್ ಎಂಬ ಲಿನಕ್ಸ್‌ನದೇ ಹೊಸ ಕಾಲ್‌ಗೆ ಹೋಗಿತ್ತು, ಮರ್ಜ್ ಮಾಡಿದವರು ನಮ್ಮ ಸಾಲನ್ನು 333ಕ್ಕೆ ತಳ್ಳಿ ಮುಂದೆ ಹೋಗಿದ್ದರು. ಹಳೆಯ ಪ್ರೋಗ್ರಾಂಗಳು ಮಾತ್ರ 332ನ್ನೇ ಕರೆಯುತ್ತಿದ್ದವು. ಏನೇನೋ ಎರರ್, ಎರಡು ದಿನ ಹಿಂಜವಡಿಯ ಆಫೀಸ್‌ನಲ್ಲಿ ರಾತ್ರಿಯವರೆಗೂ ಕೂತು ಹುಡುಕಿದೆವು. ಒಮ್ಮೆ ಕೊಟ್ಟ ನಂಬರ್ ಬದಲಿಸಬಾರದು. 32-ಬಿಟ್ ಪಟ್ಟಿಯಲ್ಲಿ ನಂಬರ್ 17ರ ಸಾಲು ನೋಡಿ, ‘ಬ್ರೇಕ್’ ಅಂತ ಹೆಸರು ಇದೆ, ಮುಂದೆ ಫಂಕ್ಷನ್ನೇ ಇಲ್ಲ. ಕೆಲಸ ಇಲ್ಲದಿದ್ದರೂ ಆ ನಂಬರನ್ನು ಬೇರೆಯವರಿಗೆ ಕೊಟ್ಟಿಲ್ಲ.

ಇದೆಲ್ಲ ಕೇಳಿದ ಮೇಲೆ ಹುಡುಗಿ ಅಸೈನ್‌ಮೆಂಟ್ ಮುಗಿಸಿ ಸುಮ್ಮನೆ ಕೂರಲಿಲ್ಲ. "ಒಂದ ಪಟ್ಟಿ ಮಾಡಿ, ಉಳಿದದ್ದೆಲ್ಲ ಸ್ಕ್ರಿಪ್ಟ್‌ಲೆ ಹುಟ್ಟಸಿದ್ರ?" ಅಂದಳು. ಊಟದ ಹೊತ್ತಿಗೆ ನಂಬರ್‌ಗಳ ಹೆಡರ್, ಕರ್ನಲ್ ಪಟ್ಟಿ ಎರಡೂ ಬರುತ್ತಿದ್ದವು. ಯೂಸರ್.ಎಚ್‌ಗೆ ಬಂದಾಗ ಸಿಕ್ಕಿಕೊಂಡಳು. ಕರ್ನಲ್ ಒಳಗೆ ಎಲ್ಲವೂ ಒಂದೇ ಆಕಾರ, ಆರ್ಗ್ಯುಮೆಂಟ್ ಇಲ್ಲದವು. ಹೊರಗೆ ಒಂದೊಂದಕ್ಕೆ ಒಂದೊಂದು ಥರ. ಫ್ರೀಬಿಎಸ್‌ಡಿ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂನ ಸಿಸ್‌ಕಾಲ್ಸ್.ಮಾಸ್ಟರ್ ನೋಡು ಅಂದೆ, ಅಲ್ಲಿ ಪಟ್ಟಿಯೊಳಗೇ ಪೂರ್ತಿ ಪ್ರೋಟೋಟೈಪ್, ಅಂದರೆ ಡಿಕ್ಲರೇಶನ್, ಬರೆದಿರುತ್ತಾರೆ. ಈಗ ಅವಳ ಪಟ್ಟಿಗೆ ಇನ್ನೊಂದು ಕಾಲಂ ಸೇರಿದೆ.